ಒಂದೇ ಥರದ ಎರಡು ಹಳೆ ಬೋಟು: ಯಾವುದನ್ನು ಕೊಳ್ಳಬೇಕು?

ಶರಾವತಿ ಹಿನ್ನೀರಿನ ದಂಡೆಯಲ್ಲಿ ತೋಟವೋ ಹೋಮ್‌ಸ್ಟೇಯೋ ಇದ್ದವರಿಗೆ ಮನೆಮಂದಿ ಓಡಾಡಲು ಒಂದು ಮೋಟಾರ್ ಬೋಟು ಬೇಕೆನಿಸುವುದು ಸಹಜ. ಹುಡುಕಾಡಿದ ಮೇಲೆ ಎರಡು ಹಳೆ ಬೋಟು ಉಳಿದವು ಅಂದುಕೊಳ್ಳಿ. ಎರಡೂ 16 ಅಡಿಯ ಫೈಬರ್ ಬೋಟು. ಎರಡಕ್ಕೂ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್. ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಕುಂದಾಪುರದ ಕಡೆಯದು, ಇನ್ನೊಂದು ಹಿನ್ನೀರಿನಲ್ಲೇ ಓಡಿದ್ದು.

ಪೇಂಟು, ಸೀಟು ನೋಡಿ ಮರುಳಾಗಬೇಡಿ. ಅವನ್ನು ಆಮೇಲೂ ಸರಿಮಾಡಿಸಬಹುದು.

ಮೊದಲು ಅನುಮತಿ ವಿಚಾರಿಸಿ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಇರುವ ಬೋಟಿಗೆ ನೋಂದಣಿ, ಸರ್ವೆ (ಬೋಟಿನ ತಪಾಸಣೆ) ಎರಡೂ ಬೇಕು. ಈ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು (ಕೆಪಿಸಿ), ಹಿನ್ನೀರಿನ ಕೆಲವು ಭಾಗ ಅಭಯಾರಣ್ಯದೊಳಗೆ ಬರುತ್ತದೆ. ನಿಮ್ಮ ದಂಡೆಯಲ್ಲಿ ಬೋಟು ಇಳಿಸಬಹುದಾ ಅಂತ ಕೆಪಿಸಿ, ಅರಣ್ಯ ಇಲಾಖೆ ಎರಡೂ ಕಡೆ ಕೇಳಿಕೊಂಡೇ ಮುಂದುವರಿಯಿರಿ.

ಎಂಜಿನ್ ಕೂರಿಸಿದ ಹಿಂಬದಿ ನೋಡಿ. ನನ್ನ ಪ್ರಕಾರ ಅರ್ಧ ತೀರ್ಮಾನ ಆಗುವುದು ಇಲ್ಲೇ. ಇದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಫೈಬರ್ ಇದ್ದರೂ ಹಳೆ ಬೋಟುಗಳಲ್ಲಿ ಒಳಗಿರುವುದು ಹೆಚ್ಚಾಗಿ ಪ್ಲೈವುಡ್. ಮಲೆನಾಡಿನ ಮಳೆಯಲ್ಲಿ ಮುಚ್ಚದೆ ಬಿಟ್ಟ ಬೋಟಿನಲ್ಲಿ ಬೋಲ್ಟ್ ತೂತುಗಳಿಂದ ನೀರು ಇಳಿದು ಪ್ಲೈವುಡ್ ಕೊಳೆಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಬರುವುದು ಮಂಕು ಸದ್ದು. ಆಮೇಲೆ ಎಂಜಿನ್ನನ್ನು ಅರ್ಧ ಎತ್ತಿ, ಅದರ ಕಾಲನ್ನು (ನೀರಿಗೆ ಇಳಿಯುವ ಕೆಳಭಾಗ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟ್ರಾನ್ಸಮ್ ಬಾಗಿದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಆ ರಿಪೇರಿ ದುಬಾರಿ.

ಎಂಜಿನ್ನಿನ ಕಾಲು, ಪ್ರೊಪೆಲ್ಲರ್. ಹಿನ್ನೀರಿನ ಬೋಟಿಗೆ ಮುಳುಗಿದ ಮರದ ಬೊಡ್ಡೆಗಳ ಕಾಟ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಕಾಣುತ್ತವಲ್ಲ, ಅವೇ. ಪ್ರೊಪೆಲ್ಲರ್ ಅಂಚು ಚಕ್ಕೆ ಎದ್ದಿದ್ದರೆ ಅಷ್ಟೇನೂ ಚಿಂತೆಯಿಲ್ಲ. ಅದನ್ನು ಕೈಯಲ್ಲಿ ತಿರುಗಿಸಿದಾಗ ಶಾಫ್ಟ್ ಓಲಾಡಿದರೆ ಮಾತ್ರ ಪೆಟ್ಟು ಒಳಗೆ ಬಿದ್ದಿದೆ. ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬಿಡಿಸಿ. ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಸೇರಿದೆ. ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕೊಯ್ದರೂ ಹೀಗಾಗುತ್ತದೆ.

ಕರಾವಳಿಯ ಬೋಟಿನಲ್ಲಿ ಉಪ್ಪಿನ ಕೆಲಸ ಹುಡುಕಿ. ಎಂಜಿನ್ ಮುಚ್ಚಳ ತೆಗೆದು ನೋಡಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟ್ ಇದ್ದರೆ ಓಡಿಸಿದ ಮೇಲೆ ಸಿಹಿನೀರಲ್ಲಿ ತೊಳೆಯುವ ರೂಢಿ ಇರಲಿಲ್ಲ ಅಂತ ಅರ್ಥ. ಅಂಥ ಎಂಜಿನ್ನಿನ ತಂಪು ನೀರಿನ ದಾರಿಯೂ ಒಳಗೆ ಕಟ್ಟಿರಬಹುದು. ಚೆನ್ನಾಗಿ ತೊಳೆದು ಇಟ್ಟ ಕರಾವಳಿ ಬೋಟಾದರೆ ಧೈರ್ಯವಾಗಿ ನೋಡಬಹುದು.

ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದರೆ ಎಂಜಿನ್ ಮುಟ್ಟಿದರೆ ಗೊತ್ತಾಗುತ್ತದೆ. ನೀರಿಲ್ಲದೆ ಓಡಿಸಲು ಬಿಡಬೇಡಿ, ಎಂಜಿನ್ ತಂಪಿಗೆ ನೀರು ಎಳೆಯುವ ಪಂಪು ಸುಟ್ಟುಹೋಗುತ್ತದೆ. ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಒಂದೇ ಸಮ ಚಿಮ್ಮಬೇಕು. ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ. ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಬೋಟಿನ ಬೆಲೆ ಇಳಿಸಿಯೇ ಮಾತಾಡಿ.

ಮನೆಮಂದಿ ಕೂತೇ ಟ್ರಯಲ್ ಆಗಲಿ. ಮಾಲೀಕರು ಒಬ್ಬರೇ ಓಡಿಸಿ ತೋರಿಸಿದರೆ ಯಾವ ಬೋಟಾದರೂ ಹಗುರವಾಗಿ ಹೋಗುತ್ತದೆ. ನಿಮ್ಮವರೆಲ್ಲ ಲೈಫ್ ಜಾಕೆಟ್ ಹಾಕಿಕೊಂಡು ಕೂತು ಅರ್ಧ ಗಂಟೆ ಸುತ್ತಿ. ದಡಕ್ಕೆ ಬಂದ ಕೂಡಲೇ ತಳದ ಹಲಗೆ ಎತ್ತಿ, ಎಷ್ಟು ನೀರು ಬಂದಿದೆ ನೋಡಿ.

ಅಡ್ವಾನ್ಸ್ ಕೊಡುವ ಮುಂಚೆ ಎಂಜಿನ್ ಮೇಲಿನ ನಂಬರನ್ನು ಕಾಗದದ ನಂಬರಿನೊಂದಿಗೆ ಹೋಲಿಸಿ. ಅದೇ ನಂಬರನ್ನು ರಸೀದಿಯಲ್ಲೂ ಬರೆಸಿಕೊಳ್ಳಿ.