ಮುನ್ನುಗ್ಗುವ ರಕ್ಷಣಾ ಸಾಲನ್ನು ಆಪ್ಷನ್ ಆಟದಿಂದ ಭೇದಿಸುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕದಲಿದ ಕ್ಷಣವೇ ಒಳನುಗ್ಗಿ, ಓಟ ಶುರುವಾಗುವ ಮೊದಲೇ ಅದನ್ನು ಕೆಡಿಸುವ ರಕ್ಷಣಾ ಸಾಲನ್ನು ಬರೀ ಮೈಬಲದಿಂದ ತಡೆಯುವುದು ಸಣ್ಣ ಮೈಕಟ್ಟಿನ ಆಟಗಾರರಿಗೆ ಆಗದ ಮಾತು. ಸೇನಾ ಅಕಾಡೆಮಿಗಳ ತಂಡಗಳು ಟ್ರಿಪಲ್ ಆಪ್ಷನ್ ಆಟವನ್ನು (ರಕ್ಷಕರ ನಡೆ ನೋಡಿ, ಚೆಂಡನ್ನು ಮೂವರಲ್ಲಿ ಯಾರು ಒಯ್ಯಬೇಕೆಂದು ಆ ಕ್ಷಣದಲ್ಲೇ ನಿರ್ಧರಿಸುವ ಆಟ) ದೀರ್ಘಕಾಲ ನೆಚ್ಚಿಕೊಂಡದ್ದು ಇದೇ ಕಾರಣಕ್ಕೆ. ಪಾಲ್ ಜಾನ್ಸನ್ ತರಬೇತಿಯಲ್ಲಿ ಈ ಆಟವನ್ನೇ ಆಡುತ್ತಿದ್ದ ನೌಕಾ ಅಕಾಡೆಮಿಯ ನೇವಿ ತಂಡ, ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡದ ವಿರುದ್ಧ ಸತತ 43 ಸೋಲುಗಳ ನಂತರ 2007ರಲ್ಲಿ ಅದನ್ನು 46–44 ಅಂಕಗಳಿಂದ ಮಣಿಸಿತು.

ಮೊದಲಿಗೆ, ಯಾರನ್ನು ತಡೆಯದೆ ಬಿಡಬೇಕೆಂದು ನಿರ್ಧರಿಸಿ. ಸಾಮಾನ್ಯವಾಗಿ ಸಾಲಿನ ಅಂಚಿನಲ್ಲಿರುವ ಡಿಫೆನ್ಸಿವ್ ಎಂಡ್ ಮೊದಲ ಗುರಿ, ಅವನಾಚೆ ಇರುವವನು ಎರಡನೆಯ ಗುರಿ. ಈ ಇಬ್ಬರನ್ನೂ ಮುಟ್ಟದೆ ಬಿಟ್ಟರೆ, ಅವರಿಗಾಗಿ ಮೀಸಲಿಡಬೇಕಿದ್ದ ನಿಮ್ಮ ಇಬ್ಬರು ಆಟಗಾರರು, ಸಾಲಿನ ಹಿಂದಿರುವ ಲೈನ್‌ಬ್ಯಾಕರ್‌ಗಳನ್ನೂ ಎಲ್ಲರಿಗಿಂತ ಹಿಂದಿರುವ ರಕ್ಷಕನಾದ ಸೇಫ್ಟಿಯನ್ನೂ ತಡೆಯಲು ಸಿಗುತ್ತಾರೆ.

ಇಡೀ ಆಟ ನಿಂತಿರುವುದು ಮುಂದಿನ ಹೆಜ್ಜೆಯ ಮೇಲೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್, ಚೆಂಡನ್ನು ತನ್ನ ಹಿಂದೆ ನಿಲ್ಲುವ ಓಟಗಾರ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒಡ್ಡಿ, ಅವನೊಂದಿಗೆ ಒಂದು ಹೆಜ್ಜೆ ಸಾಗುವಷ್ಟು ಹೊತ್ತು ಕೈಬಿಡದೆ ಹಿಡಿದಿರಬೇಕು. ಕಣ್ಣು ಮಾತ್ರ ಎಂಡ್‌ನ ಭುಜದ ಮೇಲಿರಬೇಕು. ಆ ಭುಜ ಫುಲ್‌ಬ್ಯಾಕ್‌ನತ್ತ ತಿರುಗಿದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ಹೊರಗೆ ಓಡಬೇಕು, ಇಲ್ಲವಾದರೆ ಕೊಟ್ಟುಬಿಡಬೇಕು. ಅನುಮಾನ ಬಂದಾಗ ಕೊಡುವುದೇ ಸರಿ, ಏಕೆಂದರೆ ತಡವಾಗಿ ಎಳೆದ ಚೆಂಡು ಕೈಜಾರುವುದೇ ಹೆಚ್ಚು. ಹೊರಗೆ ಓಡುವಾಗ ಎರಡನೆಯ ಗುರಿಯವನ ಒಳಭುಜದತ್ತ ನೇರವಾಗಿ ನುಗ್ಗಿ, ಅವನು ಮೈಮೇಲೆ ಬಂದ ಕೂಡಲೇ ಪಕ್ಕದಲ್ಲಿ ತುಸು ಹಿಂದೆ ಓಡಿಬರುತ್ತಿರುವ ಸ್ಲಾಟ್‌ಬ್ಯಾಕ್‌ಗೆ (ಸಾಲಿನ ಅಂಚಿನ ಹಿಂದೆ ನಿಲ್ಲುವ ಓಟಗಾರ) ಪಿಚ್ ಮಾಡಬೇಕು, ಅಂದರೆ ಚೆಂಡನ್ನು ಪಕ್ಕಕ್ಕೆ ಎಸೆದುಕೊಡಬೇಕು.

ಚುರುಕಾದ ತಂಡಗಳು ಇದಕ್ಕೂ ಮದ್ದು ಹುಡುಕುತ್ತವೆ: ಎಂಡ್ ಒಳಗೆ ಕುಸಿದು ಫುಲ್‌ಬ್ಯಾಕ್‌ನನ್ನು ಹಿಡಿಯುತ್ತಾನೆ, ಒಳಗಿದ್ದ ಲೈನ್‌ಬ್ಯಾಕರ್ ಅವನ ಹಿಂದಿನಿಂದ ಹೊರಬಂದು, ಚೆಂಡು ಎಳೆದುಕೊಂಡ ಕ್ವಾರ್ಟರ್‌ಬ್ಯಾಕ್‌ನ ಎದುರು ನಿಲ್ಲುತ್ತಾನೆ. ಆಗ ನಿಮ್ಮ ಸಾಲಿನ ಹೊರತುದಿಯಲ್ಲಿರುವ ಟ್ಯಾಕಲ್, ಒಳಗೆ ಹೋಗುವ ಬದಲು ಎಂಡ್‌ನ ಹೊರಗಿನಿಂದ ಬಳಸಿ ಹೋಗಿ ಆ ಲೈನ್‌ಬ್ಯಾಕರ್‌ನನ್ನೇ ತಡೆಯಬೇಕು. ಈ ಒಂದು ತಿದ್ದುಪಡಿಯನ್ನು ಅಭ್ಯಾಸ ಮಾಡದೆ ಯಾವ ತಂಡವೂ ಪಂದ್ಯಕ್ಕೆ ಇಳಿಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ನುಗ್ಗುವವನು ಅಂಚಿನಲ್ಲಿರದೆ ಗಾರ್ಡ್‌ನ (ನಿಮ್ಮ ಸಾಲಿನ ನಡುವಿನ ಸೆಂಟರ್‌ನ ಪಕ್ಕದವನು) ಹೊರಭುಜಕ್ಕೆ ನಿಂತ, ರಕ್ಷಣಾ ಸಾಲಿನ ಒಳಗಿನ ಆಟಗಾರನಾದ ಡಿಫೆನ್ಸಿವ್ ಟ್ಯಾಕಲ್ ಆಗಿದ್ದರೆ, ಮಿಡ್‌ಲೈನ್ ಆಪ್ಷನ್ ಬಳಸಿ. ಇಲ್ಲಿ ಅವನನ್ನೇ ತಡೆಯದೆ ಬಿಡಲಾಗುತ್ತದೆ. ಫುಲ್‌ಬ್ಯಾಕ್ ಸೆಂಟರ್‌ನ ನೇರಕ್ಕೆ ಓಡುತ್ತಾನೆ, ಅವನಿಗೆ ದಾರಿ ಬಿಟ್ಟು ಸರಿಯುವ ಕ್ವಾರ್ಟರ್‌ಬ್ಯಾಕ್ ಆ ಟ್ಯಾಕಲ್‌ನ ನಡೆಯನ್ನು ಗಮನಿಸುತ್ತಾನೆ. ಟ್ಯಾಕಲ್ ಒಳಕ್ಕೆ ಧಾವಿಸಿದಷ್ಟೂ ಅವನು ಬಿಟ್ಟುಬಂದ ಜಾಗ ತೆರೆದುಕೊಳ್ಳುತ್ತದೆ. ನಡುವೆ ಟ್ರ್ಯಾಪ್ ಆಟವನ್ನೂ ಸೇರಿಸಿ, ಆಚೆ ಬದಿಯ ಗಾರ್ಡ್ ಬಂದು ಅವನನ್ನು ಪಕ್ಕದಿಂದ ಹೊಡೆಯುವಂತೆ ಮಾಡಿದರೆ, ಮುಂದಿನ ಸಲ ನುಗ್ಗಲು ಅವನೇ ಹಿಂಜರಿಯುತ್ತಾನೆ.

ಇಡೀ ಸಾಲು ಒಳಕ್ಕೆ ವಾಲುತ್ತಿದ್ದರೆ, ವೇಗವಾಗಿ ಅಡ್ಡ ಓಡಿಬರುವ ಸ್ಲಾಟ್‌ಬ್ಯಾಕ್‌ಗೆ ಚೆಂಡನ್ನು ನೇರವಾಗಿ ಎಸೆದುಕೊಟ್ಟು ಹೊರಗೆ ಓಡಿಸಿ. ಪಿಚ್ ತಡೆಯಲು ಸೇಫ್ಟಿಗಳು ಮುಂದೆ ಓಡಿಬರತೊಡಗಿದ ಮೇಲೆ, ಅದೇ ಆಟದಂತೆ ಆರಂಭಿಸಿ, ತಡೆಯಲು ಹೋಗುವಂತೆ ಕಾಣುವ ಸ್ಲಾಟ್‌ಬ್ಯಾಕ್ ಸೇಫ್ಟಿಯನ್ನು ದಾಟಿ ಓಡಿದಾಗ ಅವನಿಗೆ ಪಾಸ್ ಎಸೆಯಿರಿ.