ಗ್ರಾಫಿಕ್ಸ್ ಕಾರ್ಡ್ ತರುವ ಮೊದಲು ಎಸ್‌ಎಂಪಿಎಸ್ ಸ್ಟಿಕ್ಕರ್ ಓದಿ

ಹಳೇ ಡೆಸ್ಕ್‌ಟಾಪಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತ ಹೊರಟವರು ಕಾರ್ಡಿನ ಬಗ್ಗೆ ತಿಂಗಳುಗಟ್ಟಲೆ ವಿಡಿಯೋ ನೋಡುತ್ತಾರೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ) ಯಾವುದಿದೆ ಅಂತ ಕೇಳಿದರೆ ಮಾತ್ರ "ಇದ್ಯಲ್ಲ, 450 ವ್ಯಾಟಿಂದು" ಅಂತ ಮುಗಿಸಿಬಿಡುತ್ತಾರೆ. ಆ 450 ಅನ್ನೋದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ. ನೋಡಬೇಕಾದದ್ದು ಅದಲ್ಲ.

ಸೈಡ್ ಪ್ಯಾನೆಲ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ, ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಬೇರೆ ಬೇರೆ ಮನೆ ಇರುತ್ತವೆ, ಒಂದೊಂದರ ಕೆಳಗೂ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಹೆಚ್ಚುಕಮ್ಮಿ ಪೂರ್ತಿ 12 ವೋಲ್ಟಿನಿಂದಲೇ. ಅದರ ಆಂಪಿಯರನ್ನು 12ರಿಂದ ಗುಣಿಸಿ. ಮೊನ್ನೆ ಕುಮಟೆಯ ಹುಡುಗನೊಬ್ಬ ತನ್ನ 450 ವ್ಯಾಟಿನ ಲೋಕಲ್ ಡಬ್ಬಿಯ ಫೋಟೊ ಕಳಿಸಿದ್ದ. 12 ವೋಲ್ಟಿನ ಕೆಳಗೆ ಇದ್ದದ್ದು 16 ಆಂಪಿಯರ್. ಅಂದರೆ 192 ವ್ಯಾಟ್. ಉಳಿದದ್ದೆಲ್ಲ 3.3 ಮತ್ತು 5 ವೋಲ್ಟಿನ ಲೆಕ್ಕದಲ್ಲಿ ಸುಮ್ನೆ ಸೇರಿಸಿದ್ದು, ಈಗಿನ ಕಂಪ್ಯೂಟರಿಗೆ ಅದರ ಉಪಯೋಗ ತೀರಾ ಕಡಿಮೆ. ಒಳ್ಳೆಯ 550 ವ್ಯಾಟಿನದ್ದರಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಆಸುಪಾಸು ಕಾಣುತ್ತದೆ. ಗುಣಿಸಿದರೆ 540. ಇದು ನಿಯತ್ತಿನ ಡಬ್ಬಿ.

ಇನ್ನು ನಿಮಗೆಷ್ಟು ಬೇಕು ಅನ್ನೋದು. ಆ ಹುಡುಗನದ್ದೇ ಲೆಕ್ಕ ಹಾಕೋಣ. ಐ5-12400 ಪ್ರೊಸೆಸರ್ ಡಬ್ಬಿಯ ಮೇಲೆ 65 ವ್ಯಾಟ್ ಅಂತಿದ್ದರೂ ಟರ್ಬೋಗೆ ಹೋದಾಗ 117ರ ತನಕ ಎಳೆಯುತ್ತದೆ ಅಂತ ಇಂಟೆಲ್ಲೇ ಹೇಳುತ್ತದೆ, ಹಾಗಾಗಿ 65 ಹಿಡಿಯಬೇಡಿ, 117 ಹಿಡಿಯಿರಿ. ಆರ್‌ಟಿಎಕ್ಸ್ 4060ಕ್ಕೆ 115. ಮದರ್‌ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನು ಎಲ್ಲಾ ಸೇರಿ 60 ಇಟ್ಟುಕೊಳ್ಳಿ. ಒಟ್ಟು 290 ಸುಮಾರು. ಒಳ್ಳೆಯ ಕಂಪನಿಯ 450 ಇದಕ್ಕೆ ಸಾಕು. ಆದರೂ ನಾನು 550 ತಗೊಳ್ಳಿ ಅಂತೀನಿ, ಎನ್‌ವಿಡಿಯಾ ಕೂಡ ಆ ಕಾರ್ಡಿಗೆ 550 ಅಂತಲೇ ಬರೆದಿದೆ, ಬೆಲೆಯಲ್ಲಿ ವ್ಯತ್ಯಾಸವೂ ಅಷ್ಟೇನಿಲ್ಲ, ನಾಳೆ ದೊಡ್ಡ ಕಾರ್ಡ್ ಹಾಕುವ ಮನಸ್ಸಾದರೆ ಮತ್ತೆ ಇದನ್ನೇ ಬಿಚ್ಚುತ್ತಾ ಕೂರಬೇಕಿಲ್ಲ. ಆರ್‌ಟಿಎಕ್ಸ್ 4070 ಆದರೆ ಅದೊಂದೇ 200 ವ್ಯಾಟ್, ಅದಕ್ಕೆ 650. ಜೊತೆಗೆ ಐ7-13700ಕೆ ಥರದ 253 ವ್ಯಾಟ್ ಎಳೆಯುವ ಪ್ರೊಸೆಸರ್ ಇದ್ದರೆ 750ಕ್ಕೆ ಹೋಗಿ. ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವುದರೊಳಗೆ ತಮ್ಮ ಅಂಕಿಗಿಂತ ಎಷ್ಟೋ ಜಾಸ್ತಿ ಎಳೆದು ಬಿಡುತ್ತವೆ. ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಇರಬೇಕು ಅನ್ನೋದು ಅದಕ್ಕೇ. 1000 ವ್ಯಾಟಿನದ್ದು ತಂದು 300 ವ್ಯಾಟಿನ ಕಂಪ್ಯೂಟರಿಗೆ ಹಾಕಿದರೆ ಹಾಳೇನೂ ಆಗುವುದಿಲ್ಲ, ಕಂಪ್ಯೂಟರು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ದುಡ್ಡು ದಂಡ ಅಷ್ಟೆ.

ಇಷ್ಟು ಲೆಕ್ಕ ಬೆಂಗಳೂರಿನವರಿಗೂ ಒಂದೇ, ನಮಗೂ ಒಂದೇ. ನಮ್ಮ ಉತ್ತರ ಕನ್ನಡದ ಕಡೆಗೆ ಬೇರೆ ಒಂದು ಸಾಲಿದೆ, ಅದೇ ಸ್ಟಿಕ್ಕರಿನ ಮೇಲೆ. ಇನ್‌ಪುಟ್ ಅಂತ ಬರೆದ ಕಡೆ ನೋಡಿ. ಕೆಲವದರಲ್ಲಿ 200–240 ವೋಲ್ಟ್ ಅಂತಿರುತ್ತದೆ, ಕೆಲವದರಲ್ಲಿ 100–240. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ, ಬೇಸಿಗೆ ಸಂಜೆ, ಅಕ್ಕಪಕ್ಕದ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದಾಗ ಲೈಟು ಹೇಗೆ ಮಂಕಾಗುತ್ತದೆ ಅಂತ ನಿಮಗೇ ಗೊತ್ತು. (ಕೈಗಾ ಅಣುಸ್ಥಾವರದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇರುವ ಜಿಲ್ಲೆ ನಮ್ಮದು, ಇರಲಿ.) ವೋಲ್ಟೇಜ್ 180ಕ್ಕೆ ಇಳಿದಾಗ 200–240ರ ಡಬ್ಬಿ ಗೇಮಿನ ಮಧ್ಯೆ ರೀಸ್ಟಾರ್ಟ್ ಹೊಡೆದರೆ ಅದರ ತಪ್ಪೇನಿಲ್ಲ, ಅದನ್ನು ಮಾಡಿದ್ದೇ ಆ ವೋಲ್ಟೇಜಿಗಲ್ಲ. 100–240 ಇದ್ದರೆ ಸುಲಭವಾಗಿ ತಡೆದುಕೊಳ್ಳುತ್ತದೆ. ಆಕ್ಟಿವ್ ಪಿಎಫ್‌ಸಿ (ಗೋಡೆಯ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟು) ಅಂತ ಬರೆದಿರುವುದರಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ, ಆದರೂ ಎಲ್ಲದರಲ್ಲೂ ಅಲ್ಲ, ಓದಿಯೇ ತಗೊಳ್ಳಿ. ಹಳ್ಳಿಮನೆಯವರು ವ್ಯಾಟಿನಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ, ಇದನ್ನು ಮಾತ್ರ ಬಿಡಬೇಡಿ.

ಯುಪಿಎಸ್ ಇದ್ದವರು ಇನ್ನೊಂದು ಲೆಕ್ಕ ಹಾಕಬೇಕು. 600 ವಿಎ ಅಂತ ಬರೆದ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಮೇಲಿನ ಕಂಪ್ಯೂಟರು ಒಳಗೆ 290 ವ್ಯಾಟ್ ತಿಂದರೆ ಗೋಡೆಯಿಂದ ಎಳೆಯುವುದು 340ರ ಮೇಲೆ, ಯಾಕೆಂದರೆ ಎಸ್‌ಎಂಪಿಎಸ್ ಕೂಡ ಸ್ವಲ್ಪ ಬಿಸಿಯಾಗಿ ಕಳೆಯುತ್ತದಲ್ಲ. ಮಾನಿಟರಿಗೆ 25 ಸೇರಿಸಿ. ಆಗಲೇ ಮಿತಿ ದಾಟಿತು. ಎಕ್ಸೆಲ್ ನೋಡುವಾಗ ಏನೂ ಆಗದ ಯುಪಿಎಸ್, ಗೇಮ್ ಆಡುವಾಗ ಕರೆಂಟ್ ಹೋದರೆ ಕೀಂಯ್ ಅಂತ ಕೂಗಿ ಆಫ್ ಆಗುವುದು ಇದಕ್ಕೇ. ಹೊಸ ಕಾರ್ಡಿನ ಜೊತೆ 1000 ವಿಎ ಯುಪಿಎಸ್ಸಿಗೂ ದುಡ್ಡು ಎತ್ತಿಡಿ.

ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು) ಹೌದೋ ಅಲ್ವೋ ನೋಡಿಕೊಳ್ಳಿ. ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್ಸಿಗೂ ಸ್ಕ್ವೇರ್ ವೇವ್ ಇನ್ವರ್ಟರಿಗೂ ಆಗಿಬರುವುದಿಲ್ಲ. ಇನ್ವರ್ಟರಿನ ಹಿಂಬದಿಯಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ. ಅದನ್ನು ಹಾಕಿದರೆ ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುತ್ತದೆ, ಕಂಪ್ಯೂಟರ್ ಆಫ್ ಆಗುವುದಿಲ್ಲ. ತೊಂದರೆ ಏನೆಂದರೆ, ಆ ಮೋಡಿನಲ್ಲಿ ವೋಲ್ಟೇಜ್ 180ರ ಕೆಳಗೆ ಹೋದರೂ ಕರೆಂಟ್ ಹೋಯಿತು ಅಂತಲೇ ತಿಳಿದು ಬ್ಯಾಟರಿ ಖಾಲಿ ಮಾಡಲು ಶುರುಮಾಡುತ್ತದೆ. ಸಂಜೆ ವೋಲ್ಟೇಜ್ ಇಳಿಯುವ ಮನೆಯಲ್ಲಿ ಆ ಮೋಡ್ ಬಿಟ್ಟು, ಕಂಪ್ಯೂಟರಿಗೆ ಬೇರೆಯದೇ ಯುಪಿಎಸ್ ಇಡುವುದು ವಾಸಿ.

ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದಾ? ಅದು ಎಸ್‌ಎಂಪಿಎಸ್ ಕೆಟ್ಟಿದ್ದಲ್ಲ, ಸಾಮಾನ್ಯವಾಗಿ ಮೂರನೇ ಪಿನ್ನಿಗೆ ಅರ್ತಿಂಗ್ ಇಲ್ಲ ಅಂತ. ಹೊಸದನ್ನು ತಂದರೂ ಹಾಗೇ ಆಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅದನ್ನು ಸರಿ ಮಾಡಿಸಿ. ಸರ್ಜ್ ಪ್ರೊಟೆಕ್ಟರ್ ಕೂಡ ಅರ್ತಿಂಗ್ ಇಲ್ಲದಿದ್ದರೆ ಅರ್ಧ ಕೆಲಸ ಮಾಡುವುದಿಲ್ಲ. ಸಿಡಿಲಿಗಂತೂ ಯಾವ ಡಬ್ಬಿಯನ್ನೂ ನಂಬಬೇಡಿ, ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ ಕೇಬಲ್ ಕೂಡ.

ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ವೋಲ್ಟೇಜಿಗಿಂತ ಉಪ್ಪುಗಾಳಿ ಕಾಟ. ಸಮುದ್ರದ ಕಡೆಯ ಕಿಟಕಿ ಪಕ್ಕ ಕ್ಯಾಬಿನೆಟ್ ಇಡಬೇಡಿ, ಮಳೆಗಾಲದಲ್ಲಿ ವಾರಗಟ್ಟಲೆ ಆಫ್ ಮಾಡಿಯೂ ಇಡಬೇಡಿ, ಆಗೀಗ ಹಾಕಿ ಬೆಚ್ಚಗಾಗಲು ಬಿಡಿ. ಘಟ್ಟದ ಮೇಲೆ ಹಲ್ಲಿ, ಇರುವೆ. ಹಿಂದಿನ ಜಾಲರಿಯಿಂದ ಒಳಗೆ ಹೋದ ಹಲ್ಲಿ ತಾನೂ ಸಾಯುತ್ತದೆ, ಎಸ್‌ಎಂಪಿಎಸ್ಸನ್ನೂ ಸಾಯಿಸುತ್ತದೆ. ಹಾಗಂತ ಸ್ಕ್ರೂಡ್ರೈವರ್ ಹಿಡಿದು ಎಸ್‌ಎಂಪಿಎಸ್ ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರಕ್ಕೂ ಜಾಸ್ತಿ ವೋಲ್ಟ್ ಉಳಿದಿರಬಹುದು.

ವೈರುಗಳು: ಕಾರ್ಡಿಗೆ 8 ಪಿನ್ ಬೇಕಿದ್ದರೆ ಎಸ್‌ಎಂಪಿಎಸ್ಸಿನಿಂದಲೇ ಬಂದ 6+2 ಪಿನ್ನಿನ ವೈರ್ ಇರಬೇಕು. ಆ 8 ಪಿನ್ನಿನ ಮೂಲಕ 150 ವ್ಯಾಟ್ ತನಕ ಹೋಗಬಹುದು, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕನೆಕ್ಟರಿನ ಯೋಗ್ಯತೆ 54 ವ್ಯಾಟ್. ಸಾಟಾದಿಂದ 8 ಪಿನ್ನಿಗೆ ಬದಲಿಸುವ ಅಗ್ಗದ ಅಡಾಪ್ಟರ್ ಸಿಗುತ್ತದೆ, ಪುಕ್ಕಟೆ ಕೊಟ್ಟರೂ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಮಾಡ್ಯುಲರ್ (ವೈರು ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ತಂದರೆ ಹಳೇದರ ವೈರನ್ನು ಹೊಸದಕ್ಕೆ ಚುಚ್ಚಬೇಡಿ, ಪಿನ್ ಕೂತರೂ ಒಳಗಿನ ಜೋಡಣೆ ಬೇರೆ ಇರುತ್ತದೆ, ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಆಫೀಸಿನಿಂದ ಹರಾಜಿನಲ್ಲಿ ತಂದ ಬ್ರ್ಯಾಂಡೆಡ್ ಕಂಪ್ಯೂಟರಿದ್ದರೆ ಮೊದಲು ಮದರ್‌ಬೋರ್ಡಿನ ದೊಡ್ಡ ಕನೆಕ್ಟರ್ ಎಣಿಸಿ. 24 ಪಿನ್ ಇಲ್ಲದಿದ್ದರೆ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ.

80 ಪ್ಲಸ್ (ಕರೆಂಟ್ ಎಷ್ಟು ಕಡಿಮೆ ಪೋಲು ಮಾಡುತ್ತದೆ ಅನ್ನೋದರ ದರ್ಜೆ) ಬ್ರಾಂಜೋ ಗೋಲ್ಡೋ? ಬ್ರಾಂಜ್ ಸಾಕು. ದಿನಕ್ಕೆ ನಾಲ್ಕು ತಾಸು ಗೇಮ್ ಆಡಿದರೂ ಗೋಲ್ಡಿನಿಂದ ತಿಂಗಳಿಗೆ ಉಳಿಯುವುದು ಮೂರು ಯೂನಿಟ್ ಅಷ್ಟೆ. ಅದಕ್ಕಿಂತ ವಾರಂಟಿ ನೋಡಿ. ಐದು ವರ್ಷಕ್ಕಿಂತ ಕಡಿಮೆ ಇರುವುದನ್ನು ನಾನಂತೂ ಕೊಳ್ಳುವುದಿಲ್ಲ. ಹುಬ್ಬಳ್ಳಿಯಿಂದ ತನ್ನಿ, ಆನ್‌ಲೈನ್ ತರಿಸಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದಿದೆಯಾ ನೋಡಿ. ಕೆಟ್ಟರೆ ಅಂಗಡಿಯವರೇ ಕಂಪನಿಗೆ ಕಳಿಸುತ್ತಾರಾ, ನಾವೇ ಕೊರಿಯರ್ ಮಾಡಬೇಕಾ ಅನ್ನೋದನ್ನು ದುಡ್ಡು ಕೊಡುವ ಮೊದಲೇ ಕೇಳಿ.