ಕಾಲು ಚುರುಕಾಗಬೇಕಾದರೆ ಹೆಜ್ಜೆ ಚಿಕ್ಕದಾಗಲಿ

ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುವವರನ್ನು ಸ್ವಲ್ಪ ಹೊತ್ತು ಗಮನಿಸಿ. ವೇಗ ಹೆಚ್ಚಿಸಬೇಕು ಅನ್ನಿಸಿದ ಕೂಡಲೇ ಬಹಳ ಜನ ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚುತ್ತಾರೆ. ಪಾದ ಮೊಣಕಾಲಿಗಿಂತ ಎಷ್ಟೋ ಮುಂದೆ ಬಿದ್ದು, ಹಿಮ್ಮಡಿ ನೆಲಕ್ಕೆ ಬಡಿಯುತ್ತದೆ. ಅಂಥ ಪ್ರತಿ ಹೆಜ್ಜೆಯೂ ಓಟವನ್ನು ತಡೆಯುತ್ತದೆ. ಏಟು ತಿನ್ನುವುದು ಮೊಣಕಾಲು.

ಮೊದಲು ಎಣಿಸಿ. ಆರಾಮಾಗಿ ಓಡುವಾಗ 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ನೋಡಿ, 4ರಿಂದ ಗುಣಿಸಿ. 40 ಸಲ ಮುಟ್ಟಿದರೆ ನಿಮಿಷಕ್ಕೆ 160 ಹೆಜ್ಜೆ. ಇದಕ್ಕೆ ದುಬಾರಿ ವಾಚ್ ಬೇಡ.

'ನಿಮಿಷಕ್ಕೆ 180 ಹೆಜ್ಜೆ ಆಗಲೇಬೇಕು' ಅನ್ನುವವರ ಮಾತು ಕೇಳಬೇಡಿ. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಓಟಗಾರರ ಹೆಜ್ಜೆ ಎಣಿಸಿದಾಗ ಬಹುತೇಕ ಎಲ್ಲರೂ 180 ಅಥವಾ ಅದಕ್ಕಿಂತ ಜಾಸ್ತಿ ಹಾಕುತ್ತಿದ್ದರು, ನಿಜ. ಆದರೆ ಅವರು ಒಲಿಂಪಿಕ್ಸ್ ರೇಸಿನಲ್ಲಿದ್ದರು. ನೀವು ಶೇ 5ರಷ್ಟು ಮಾತ್ರ ಏರಿಸಿ. 160 ಇದ್ದರೆ 168 ಸಾಕು.

ಜನ ಸೋಲುವುದು ಇಲ್ಲಿಯೇ. ಹೆಜ್ಜೆ ಜಾಸ್ತಿ ಮಾಡಿ ಎಂದರೆ ವೇಗವನ್ನೂ ಏರಿಸಿಬಿಡುತ್ತಾರೆ. ಎರಡೇ ನಿಮಿಷಕ್ಕೆ ಏದುಸಿರು. ವೇಗ ಅಷ್ಟೇ ಇರಬೇಕು, ಹೆಜ್ಜೆ ಮಾತ್ರ ಚಿಕ್ಕದಾಗಬೇಕು. ಫೋನಿನಲ್ಲಿ ಒಂದೇ ಸಮನೆ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕೆ 168ಕ್ಕೆ ಇಡಿ. ನಿಂತಲ್ಲೇ ಆ ತಾಳಕ್ಕೆ ಜಾಗಿಂಗ್ ಮಾಡಿ. ತಾಳ ಕೂತ ಮೇಲೆ, ಸೊಂಟ ಬಗ್ಗಿಸದೆ ಇಡೀ ಮೈಯನ್ನು ಪಾದದ ಗಂಟಿನಿಂದ ಒಂಚೂರು ಮುಂದಕ್ಕೆ ವಾಲಿಸಿ. ಕಾಲು ತಾನಾಗಿ ಹೊರಡುತ್ತದೆ. ಪಾದ ಎಲ್ಲಿ ಊರುತ್ತಿದೆ ಎಂದು ಕೆಳಗೆ ನೋಡಬೇಡಿ. ಅದನ್ನು ಬೇಗ ಎತ್ತುವುದರ ಮೇಲೆ ಗಮನವಿರಲಿ. ಮೊಣಕೈ ಮಡಚಿ ಕೈಬೀಸು ಚಿಕ್ಕದು ಮಾಡಿ, ಕಾಲು ಕೈಯನ್ನು ಅನುಸರಿಸುತ್ತದೆ. ಒಂದು ನಿಮಿಷ ಹೀಗೆ, ಮೂರು ನಿಮಿಷ ಮಾಮೂಲಿ ಓಟ. ಮಾತಾಡಲು ಕಷ್ಟವಾದರೆ ವೇಗ ಏರಿದೆ ಎಂದೇ ಅರ್ಥ. ಮೊದಲ ವಾರಗಳಲ್ಲಿ ಮೀನಖಂಡ ಹಿಡಿದುಕೊಳ್ಳಬಹುದು. ಆಗ ದೂರ ಕಡಿಮೆ ಮಾಡಿ.

ವಾರಕ್ಕೆರಡು ದಿನ ಸುಲಭ ಓಟದ ಕೊನೆಗೆ ಸ್ಟ್ರೈಡ್ಸ್ ಸೇರಿಸಿ. ಸುಮಾರು 20 ಸೆಕೆಂಡಿನ ಚುರುಕು ಓಟ, ನಾಲ್ಕರಿಂದ ಆರು ಸಲ. ಮೆಲ್ಲಗೆ ವೇಗ ಏರಿಸಿ, ಸ್ವಲ್ಪ ಹಿಡಿದಿಟ್ಟು, ಮೆಲ್ಲಗೆ ಬಿಡಿ. ಹಲ್ಲು ಕಚ್ಚಿ ಓಡಿದರೆ ಭುಜ ಬಿಗಿಯುತ್ತದೆ, ಕಾಲೂ ಬಿಗಿಯುತ್ತದೆ. ನಡುವೆ ಉಸಿರು ಪೂರ್ತಿ ಹತೋಟಿಗೆ ಬರುವವರೆಗೆ ನಡೆಯಿರಿ. ಈ ವಿಶ್ರಾಂತಿಯನ್ನು ಕತ್ತರಿಸಿದರೆ ಅದು ದಮ್ಮಿನ ಅಭ್ಯಾಸವಾಗುತ್ತದೆಯೇ ಹೊರತು ಕಾಲಿನ ವೇಗದ ಅಭ್ಯಾಸವಲ್ಲ. ದಣಿದ ಕಾಲು ಚುರುಕುತನ ಕಲಿಯುವುದಿಲ್ಲ. ಒಂದೆರಡನ್ನು ಸಣ್ಣ ಇಳಿಜಾರಿನಲ್ಲಿ ಮಾಡಬಹುದು. ಲಾಲ್‌ಬಾಗ್ ಬಂಡೆಯಂಥ ಇಳಿಜಾರು ಮಾತ್ರ ಬೇಡವೇ ಬೇಡ.

ಹೈ ನೀಸ್ (ಮೊಣಕಾಲು ಎತ್ತೆತ್ತಿ ಓಡುವುದು), ಸ್ಕಿಪ್ಪಿಂಗ್ ಹಗ್ಗ ವಾರ್ಮಪ್‌ಗೆ ಇರಲಿ.

ಕಾಲಿಗೆ ಕಟ್ಟುವ ಮರಳಿನ ತೂಕ ಕೊಳ್ಳಬೇಡಿ. ಅದು ಕಾಲಿಗೆ ನಿಧಾನವನ್ನೇ ಕಲಿಸುತ್ತದೆ, ಕೀಲಿಗೂ ಭಾರ. ಸ್ಟ್ರೈಡ್ಸ್‌ಗೆ ದಪ್ಪ, ಮೆತ್ತನೆ ಅಟ್ಟೆಯ ಶೂಗಿಂತ ತೆಳ್ಳಗಿನ ಹಗುರ ಶೂ ಹಾಕಿ.

ಆರು ವಾರ ಬಿಟ್ಟು ಅದೇ ದಾರಿಯಲ್ಲಿ, ಅದೇ ವೇಗದಲ್ಲಿ, ಮೆಟ್ರೊನೋಮ್ ಇಲ್ಲದೆ ಎಣಿಸಿ. 168 ತಾನಾಗಿ ಬಂದರೆ ಮಾತ್ರ ಮುಂದಿನ ಏರಿಕೆಗೆ ಕೈಹಾಕಿ.